ಬೀದಿಯ ಗೂಡಂಗಡಿಯಿಂದ ಹತ್ತು ಪೀಠಗಳವರೆಗೆ: ಎದೋ ನಗರದ ಸುಶಿ ಮತ್ತು ‘ಒಮಾಕಸೆ’ಯ ಉಗಮ

ಟೋಕಿಯೋ ನಗರದ ಗಿಂಝಾ ಬಡಾವಣೆಯಲ್ಲಿ, ಕಚೇರಿಗಳ ಕಟ್ಟಡವೊಂದರ ನೆಲಮಾಳಿಗೆಯಲ್ಲಿ, ಹತ್ತೇ ಪೀಠಗಳುಳ್ಳ ಒಂದು ಸಣ್ಣ ಭೋಜನಶಾಲೆಯುಂಟು. ಇದರ ಹೆಸರು ಸುಕಿಯಬಾಶಿ ಜಿರೋ. 1965ರಲ್ಲಿ ಓನೋ ಜಿರೋ ಎಂಬ ಪಾಕಕುಶಲಿ ಇದನ್ನು ಸ್ಥಾಪಿಸಿದನು. 2014ನೆಯ ಇಸವಿ ಏಪ್ರಿಲ್ 23ರಂದು ಅಮೆರಿಕದ ಅಧ್ಯಕ್ಷ ಬರಾಕ್ ಒಬಾಮ ಅವರು ಜಪಾನಿನ ಪ್ರಧಾನಿ ಶಿಂಝೋ ಆಬೆ ಅವರೊಡನೆ ಊಟಕ್ಕೆ ಕುಳಿತದ್ದು ಇಲ್ಲಿಯೇ. ಈ ಶಾಲೆಯಲ್ಲಿ ಅತಿಥಿಯು ತನಗೆ ಇಂಥದು ಬೇಕೆಂದು ಹೇಳುವ ಪದ್ಧತಿಯಿಲ್ಲ. ಮರದ ಹಲಗೆಯ ಆಚೆ ನಿಂತ ಪಾಕಕುಶಲಿಯು ಅನ್ನದ ಮುದ್ದೆಯ ಮೇಲೆ ಮೀನಿನ ತುಂಡನ್ನಿಟ್ಟು, ಒತ್ತಿ, ಒಂದೊಂದಾಗಿ ಮುಂದಿಡುತ್ತಾನೆ. ಅತಿಥಿಯು ಅದನ್ನು ಆ ಕ್ಷಣದಲ್ಲಿಯೇ ತಿನ್ನಬೇಕು. ಇಪ್ಪತ್ತು ತುತ್ತುಗಳಿಗೆ ಊಟ ಮುಗಿಯುತ್ತದೆ. ಇದಕ್ಕೆ ‘ಒಮಾಕಸೆ’ ಎಂದು ಹೆಸರು. ‘ಮಕಸೆರು’ ಎಂದರೆ ಒಪ್ಪಿಸು, ವಹಿಸಿಕೊಡು. ಮೊದಲಿನ ‘ಒ’ಕಾರ ಗೌರವವಾಚಕ. ‘ತಮಗೇ ಬಿಟ್ಟಿದ್ದೇನೆ’ ಎಂದು ನಾವು ಹೇಳುವುದಕ್ಕೆ ಅದು ಹತ್ತಿರವಾದ ಮಾತು.

ಇಂಥ ಊಟವನ್ನು ವರ್ಣಿಸುವವರು ಸಾಮಾನ್ಯವಾಗಿ ಅದನ್ನು ಜಪಾನಿನ ಪ್ರಾಚೀನ ಸಂಪ್ರದಾಯವೆಂದೂ, ಹದಿನಾರನೆಯ ಶತಮಾನದಲ್ಲಿ ಸೆನ್ ನೋ ರಿಕ್ಯೂ ರೂಪಿಸಿದ ಚಹದ ವ್ರತಾಚರಣೆಗೆ ಸಮಾನವಾದುದೆಂದೂ ಹೇಳುವುದುಂಟು. ಮೌನ, ಮಿತವಾದ ಮಾತು, ಬೋಳು ಮರ, ಗುರುವಿನ ಅಧಿಕಾರ ಇವೆಲ್ಲ ಹಾಗೆ ತೋರುವಂತೆಯೇ ಇವೆ. ಆದರೆ ದೊರೆಯುವ ಆಧಾರಗಳನ್ನು ಕಾಲಕ್ರಮದಲ್ಲಿ ಜೋಡಿಸಿ ನೋಡಿದರೆ ಬೇರೊಂದು ಕಥೆ ಹೊರಡುತ್ತದೆ. ಪಾಕಕುಶಲಿಯ ಎದುರಿನಲ್ಲಿಯೇ ತಿನ್ನುವ ಕ್ರಮ ಬೀದಿಯ ಕೂಲಿಕಾರರಿಂದ ಬಂದದ್ದು. ತುತ್ತಿನ ಗಾತ್ರ ಯುದ್ಧಾನಂತರದ ಪಡಿತರದ ಕಾನೂನಿನಿಂದ ಬಂದದ್ದು. ಆಯ್ಕೆಯನ್ನು ಬಿಟ್ಟುಕೊಡುವ ಪದ್ಧತಿಯಂತೂ ಇವೆರಡಕ್ಕಿಂತ ಈಚಿನದು. ಒಂದು ನಗರದ ಬಡವರ ಆಹಾರವು ಯಾವ ಕಾರಣಗಳಿಂದ ಶ್ರೀಮಂತರ ಆಚರಣೆಯಾಯಿತು ಎಂಬುದನ್ನು ವಿಚಾರಮಾಡುವುದೇ ಪ್ರಸ್ತುತ ಲೇಖನದ ಉದ್ದೇಶ.

ಸುಶಿಯ ಮೂಲರೂಪಕ್ಕೂ ಈಗಿನ ರೂಪಕ್ಕೂ ಹೆಸರಿನ ಹೊರತು ಸಾಮ್ಯ ಬಹಳ ಕಡಮೆ. ಮೂಲತಃ ಅದು ಮೀನನ್ನು ಕೆಡದಂತೆ ಇಡುವ ಉಪಾಯ. ಉಪ್ಪು ಹಾಕಿದ ಮೀನನ್ನು ಬೇಯಿಸಿದ ಅನ್ನದೊಡನೆ ಗಡಿಗೆಯಲ್ಲಿ ಅಡಕಿ, ಮೇಲೆ ಭಾರವಿಟ್ಟು, ತಿಂಗಳುಗಟ್ಟಲೆ ಬಿಟ್ಟರೆ ಅನ್ನ ಹುಳಿಯಾಗುತ್ತದೆ. ಆ ಹುಳಿಯು ಮೀನನ್ನು ಕಾಪಾಡುತ್ತದೆ. ನಮ್ಮ ಮನೆಗಳಲ್ಲಿ ಇಡ್ಲಿಯ ಹಿಟ್ಟು ರಾತ್ರಿ ಕಳೆಯುವುದರಲ್ಲಿ ಹುಳಿಯಾಗುವುದನ್ನು ಕಂಡವರಿಗೆ ಈ ಕ್ರಿಯೆ ಅಪರಿಚಿತವಲ್ಲ. ತಿನ್ನುವಾಗ ಅನ್ನವನ್ನು ಕೆರೆದು ಬಿಸುಟು ಮೀನನ್ನು ಮಾತ್ರ ತಿನ್ನುತ್ತಿದ್ದರು. ಆಗ್ನೇಯ ಏಷ್ಯದ ಬತ್ತದ ಗದ್ದೆಗಳ ನಾಡಿನಲ್ಲಿ ಹುಟ್ಟಿದ ಈ ವಿಧಾನವು ಚೀನಾದ ಮೂಲಕ ಜಪಾನಿಗೆ ಬಂದಿತೆಂದು ವಿದ್ವಾಂಸರು ಭಾವಿಸುತ್ತಾರೆ. 718ರಲ್ಲಿ ರಚಿತವಾಗಿ 757ರಲ್ಲಿ ಜಾರಿಗೆ ಬಂದ ಯೋರೋ ಶಾಸನಸಂಹಿತೆಯಲ್ಲಿ, ಪ್ರಜೆಗಳು ತೆರಿಗೆಯಾಗಿ ಒಪ್ಪಿಸಬೇಕಾದ ವಸ್ತುಗಳ ಸಾಲಿನಲ್ಲಿ ಚಿಪ್ಪುಜೀವಿಗಳ ಸುಶಿಯೂ ಸೇರಿದೆ. 927ರಲ್ಲಿ ಮುಗಿದ ಎಂಗಿಶಿಕಿ ಎಂಬ ವಿಧಿಗ್ರಂಥವು ಯಾವ ಯಾವ ಪ್ರಾಂತದಿಂದ ಯಾವ ಬಗೆಯ ಸುಶಿ ರಾಜಧಾನಿಗೆ ಬರಬೇಕೆಂದು ವಿವರಿಸುತ್ತದೆ. ನಮ್ಮ ವಡ್ಡಾರಾಧನೆಯಲ್ಲಿ ‘ಇಡ್ಡಲಿಗೆ’ಯ ಹೆಸರು ಬರುವುದೂ ಹೆಚ್ಚುಕಡಮೆ ಇದೇ ಕಾಲದಲ್ಲಿ; ಇದು ಕೇವಲ ಕಾಕತಾಳೀಯ, ಇದರಿಂದ ಯಾವ ಸಂಬಂಧವನ್ನೂ ಊಹಿಸತಕ್ಕದ್ದಲ್ಲ. ಬಿವಾ ಸರೋವರದ ದಡದಲ್ಲಿ ಫುನಜುಶಿ ಎಂಬ ಹೆಸರಿನಿಂದ ಈ ಪ್ರಾಚೀನ ಸುಶಿ ಇಂದಿಗೂ ಉಳಿದಿದೆ. ಅದರ ವಾಸನೆ ತೀಕ್ಷ್ಣವಾದುದು.

ಅನಂತರದ ಏಳೆಂಟು ಶತಮಾನಗಳ ಬೆಳವಣಿಗೆಯನ್ನು ಒಂದೇ ಮಾತಿನಲ್ಲಿ ಹೇಳಬಹುದು: ಕಾಯುವ ಕಾಲ ಕಡಮೆಯಾಗುತ್ತ ಬಂದಿತು. ಮೊದಲು ಅನ್ನವನ್ನು ಬಿಸುಡದೆ ಮೀನಿನೊಡನೆಯೇ ತಿನ್ನತೊಡಗಿದರು. ಬಳಿಕ, ಹದಿನೇಳನೆಯ ಶತಮಾನದ ಹೊತ್ತಿಗೆ, ಹುಳಿಯುವ ತನಕ ಕಾಯುವ ಬದಲು ಅನ್ನಕ್ಕೆ ವಿನಿಗರನ್ನು ಬೆರಸಿ ಕೂಡಲೇ ಹುಳಿ ಮಾಡಿದರು. ಇದನ್ನು ಹಯಜುಶಿ, ಎಂದರೆ ‘ಶೀಘ್ರ ಸುಶಿ’, ಎಂದು ಕರೆದರು. ಮರದ ಪೆಟ್ಟಿಗೆಯಲ್ಲಿ ಒತ್ತಿ, ಚೌಕವಾಗಿ ಕತ್ತರಿಸಿ ಮಾರುವ ಒಸಾಕಾ ಕಡೆಯ ಸುಶಿ ಈ ಜಾತಿಯದು.

ಇನ್ನು ಎದೋ ನಗರಕ್ಕೆ ಬರೋಣ. ಇಂದಿನ ಟೋಕಿಯೋದ ಹಳೆಯ ಹೆಸರೇ ಎದೋ. 1603ರಿಂದ ತೊಕುಗವಾ ಮನೆತನದ ಆಡಳಿತಕ್ಕೆ ಕೇಂದ್ರವಾದ ಈ ಊರು ಹದಿನೆಂಟನೆಯ ಶತಮಾನದಲ್ಲಿ ಸುಮಾರು ಹತ್ತು ಲಕ್ಷ ಜನರಿಂದ ಕೂಡಿ ಪ್ರಪಂಚದ ಅತಿದೊಡ್ಡ ನಗರಗಳಲ್ಲಿ ಒಂದಾಗಿತ್ತು. ಪ್ರಾಂತಗಳ ಒಡೆಯರು ಒಂದು ವರ್ಷ ತಮ್ಮ ಸೀಮೆಯಲ್ಲಿ, ಒಂದು ವರ್ಷ ಎದೋದಲ್ಲಿ ಇರಬೇಕೆಂಬ ನಿಯಮ 1635ರಲ್ಲಿ ಖಚಿತವಾದ ಮೇಲೆ, ಅವರ ಹಿಂದೆ ಬಂದ ಪರಿವಾರದ ಯೋಧರು ಹೆಂಡಿರು ಮಕ್ಕಳನ್ನು ಊರಲ್ಲಿಯೇ ಬಿಟ್ಟು ಇಲ್ಲಿ ಒಂಟಿಯಾಗಿ ಕಾಲ ಕಳೆಯುತ್ತಿದ್ದರು. 1657ರ ಮಹಾ ಅಗ್ನಿಪ್ರಳಯದ ಅನಂತರ ನಗರವನ್ನು ಮತ್ತೆ ಕಟ್ಟಲು ಬಡಗಿಗಳೂ ಕೂಲಿಗಳೂ ಹೊರಗಿನಿಂದ ಬಂದು ಸೇರಿದರು. 1721ರ ಗಣತಿಯಲ್ಲಿ ನಾಗರಿಕ ಪ್ರಜೆಗಳ ಪೈಕಿ ಗಂಡಸರು ಸುಮಾರು 3,23,000, ಹೆಂಗಸರು ಸುಮಾರು 1,78,000. ಸುಶಿಯ ಇತಿಹಾಸವನ್ನು ತಿಳಿಯಬಯಸುವವರು ಯಾವ ಪಾಕಗ್ರಂಥಕ್ಕಿಂತಲೂ ಮೊದಲು ಈ ಎರಡು ಅಂಕಿಗಳನ್ನು ನೋಡಬೇಕು. ಅಡಿಗೆ ಮಾಡಿ ಬಡಿಸುವ ಮನೆಯಿಲ್ಲದ ಗಂಡಸರು ಇಷ್ಟು ಜನ ಒಂದೆಡೆ ಸೇರಿದಾಗ ಬೀದಿಯೇ ಅವರ ಅಡಿಗೆಮನೆಯಾಗುತ್ತದೆ. ಸೋಬಾ ಶಾವಿಗೆ, ಎಣ್ಣೆಯಲ್ಲಿ ಕರಿದ ತೆಂಪುರಾ, ಸುಟ್ಟ ಹಾವುಮೀನು ಮತ್ತು ಸುಶಿ ಇವು ನಾಲ್ಕೂ ಎದೋದ ಬೀದಿಗಳಲ್ಲಿ ಬೆಳೆದುವು. ಹಿರೋಶಿಗೆಯು ಚಿತ್ರಿಸಿದ ತಕನವಾ ಕಡಲತೀರದ ಚಂದ್ರದರ್ಶನದ ಚಿತ್ರದಲ್ಲಿ ಇಂಥ ಗೂಡಂಗಡಿಗಳು ಸಾಲಾಗಿ ನಿಂತಿರುವುದನ್ನು ಇಂದಿಗೂ ನೋಡಬಹುದು.

ಅನ್ನವನ್ನು ಪೆಟ್ಟಿಗೆಯಲ್ಲಿ ಒತ್ತುವ ಬದಲು ಕೈಯಲ್ಲಿಯೇ ಹಿಡಿದು ಒತ್ತಿ, ಮೇಲೆ ಮೀನಿಟ್ಟು ಕೊಡುವ ‘ನಿಗಿರಿ’ ಸುಶಿ ಹುಟ್ಟಿದ್ದು ಬುನ್ಸೆಯ್ ಯುಗದಲ್ಲಿ, ಎಂದರೆ 1818ರಿಂದ 1830ರ ಒಳಗೆ. 1829ರ ಒಂದು ಹಾಸ್ಯಪದ್ಯದಲ್ಲಿ ಅದರ ಪ್ರಸ್ತಾಪ ಬಂದಿರುವುದರಿಂದ ಆ ವೇಳೆಗೆ ಅದು ಪ್ರಚಾರದಲ್ಲಿತ್ತೆಂಬುದು ಸಿದ್ಧ. ಇದನ್ನು ಕಂಡುಹಿಡಿದವನು ಹನಯಾ ಯೋಹೆಯ್ (1799–1858) ಎಂದು ಪ್ರತೀತಿ. ಮೊದಲು ಸುಶಿಯ ಪೆಟ್ಟಿಗೆಯನ್ನು ಹೊತ್ತು ತಿರುಗಿ ಮಾರುತ್ತಿದ್ದ ಅವನು ಅನಂತರ ರ್‍ಯೋಗೊಕು ಸೇತುವೆಯ ಸಮೀಪದಲ್ಲಿ ಅಂಗಡಿಯಿಟ್ಟನಂತೆ. ಆದರೆ ಈ ವೃತ್ತಾಂತದ ಬಹುಭಾಗ ಅವನ ವಂಶದವರೇ ಹೇಳಿದ್ದು. ಮುಖ್ಯ ಆಧಾರವಾದ, ಮನೆಯಲ್ಲಿ ಸುಶಿ ಮಾಡುವುದನ್ನು ಕುರಿತ ಕೊಯಿಝುಮಿ ಸೆಯ್‌ಝಬುರೋವಿನ ಪುಸ್ತಕ ಪ್ರಕಟವಾದದ್ದು 1910ರಲ್ಲಿ. ಅದೇ ಕಾಲದಲ್ಲಿ ಫುಕಗವಾ ಕಡೆಯಲ್ಲಿ ಸಕಯ್ಯಾ ಮತ್ಸುಗೊರೋ ಎಂಬವನ ಅಂಗಡಿಯೂ ಅಷ್ಟೇ ಹೆಸರು ಪಡೆದಿತ್ತು. ಒಬ್ಬನೇ ಕರ್ತೃವನ್ನು ಹುಡುಕುವ ಆಸೆ ಇತಿಹಾಸಕಾರನಿಗೆ ಒಂದು ದೌರ್ಬಲ್ಯ. ಕೂಡಲೇ ತಿಂದು ಕೆಲಸಕ್ಕೆ ಓಡಬೇಕಾದ ಗಿರಾಕಿಯಿದ್ದ ಕಡೆ, ಪೆಟ್ಟಿಗೆಯಲ್ಲಿ ಒತ್ತಿಡುವ ತಡವನ್ನೂ ತಪ್ಪಿಸುವ ಯೋಚನೆ ಒಂದಕ್ಕಿಂತ ಹೆಚ್ಚು ಕೈಗಳಿಗೆ ಹೊಳೆದಿದ್ದರೆ ಆಶ್ಚರ್ಯವಿಲ್ಲ.

ಕೈಗಿಂತಲೂ ಮುಖ್ಯವಾದದ್ದು ಸರಕಿನ ಸಾಗಾಟವೆಂದು ನನಗೆ ತೋರುತ್ತದೆ. ಓವಾರಿ ಪ್ರಾಂತದ ಹಂದಾ ಎಂಬ ಊರಿನಲ್ಲಿ ಅಕ್ಕಿಮದ್ಯ ಮಾಡುತ್ತಿದ್ದ ನಕನೋ ಮತಝಯೆಮೋನ್ ಎಂಬವನು 1804ರಲ್ಲಿ, ಮದ್ಯ ಹಿಂಡಿದ ಮೇಲೆ ಉಳಿಯುವ ಗಸಿಯಿಂದ ವಿನಿಗರ್ ತಯಾರಿಸಲಾರಂಭಿಸಿದನು. ಅಕ್ಕಿಯಿಂದಲೇ ಮಾಡಿದ ವಿನಿಗರಿಗಿಂತ ಇದು ಅಗ್ಗ. ಬಣ್ಣ ತುಸು ಕೆಂಪು. ರುಚಿಯಲ್ಲಿ ಸಹಜವಾದ ಸಿಹಿಯಿತ್ತು. ಹಡಗುಗಳಲ್ಲಿ ಅದು ಎದೋಗೆ ಹೋಗಿ ಸುಶಿಯವರ ಅನ್ನಕ್ಕೆ ಸೇರಿತು. ನೋದಾ ಮತ್ತು ಚೋಶಿ ಊರುಗಳ ಕಪ್ಪು ಸೋಯಾ ಸಾಸು ಒಳನಾಡಿನ ನದಿಗಳ ಮೂಲಕ ಬರುತ್ತಿತ್ತು. ಮೀನು ಎದುರಿನ ಕೊಲ್ಲಿಯದು. ಆದುದರಿಂದಲೇ ಈ ಸುಶಿಗೆ ‘ಎದೋಮಯೆ’, ‘ಎದೋದ ಮುಂಭಾಗದ್ದು’, ಎಂಬ ಹೆಸರು. ತ್ಯಾಜ್ಯವೆನಿಸಿದ ಗಸಿ, ಅಗ್ಗದ ಸಾಸು, ಮನೆಯ ಮುಂದಿನ ಮೀನು ಇವು ಮೂರು ಕೂಡಿದ್ದರಿಂದಲೇ ಬೀದಿಯ ಬೆಲೆಗೆ ಸುಶಿ ಸಾಧ್ಯವಾಯಿತು.

ಆ ಬೆಲೆ ಎಷ್ಟೆಂಬುದು ನಮಗೆ ತಿಳಿದಿದೆ. ಕಿತಗವಾ ಮೊರಿಸದಾ ಎಂಬವನು 1837ರಲ್ಲಿ ಆರಂಭಿಸಿ ವರ್ಷಗಟ್ಟಲೆ ಬರೆದಿಟ್ಟ ಲೋಕವ್ಯವಹಾರದ ಟಿಪ್ಪಣಿಗಳಲ್ಲಿ ಒಂದು ಸುಶಿಗೆ 8 ಮೋನ್ ಎಂದಿದೆ. ಮೊಟ್ಟೆಯಲ್ಲಿ ಸುತ್ತಿದ್ದಕ್ಕೆ ಮಾತ್ರ 16. ಒಂದು ಬಟ್ಟಲು ಸೋಬಾ ಶಾವಿಗೆಗೂ ಆಗ 16 ಮೋನ್ ಎಂಬುದನ್ನು ನೆನೆದರೆ ಇದು ಸಾಮಾನ್ಯನ ಕೈಗೆ ನಿಲುಕುವ ತಿಂಡಿಯೆಂಬುದು ಸ್ಪಷ್ಟ. ಒಂದೊಂದು ಬೀದಿಗೂ ಒಂದೋ ಎರಡೋ ಸುಶಿಯ ಅಂಗಡಿಗಳಿದ್ದುವೆಂದೂ ಅವನು ಬರೆಯುತ್ತಾನೆ. ಅವನು ಕೊಟ್ಟಿರುವ ಪಟ್ಟಿಯಲ್ಲಿ ಮೊಟ್ಟೆ, ಸೀಗಡಿ, ಕೊಹದಾ ಎಂಬ ಬೆಳ್ಳಿಹೊಳಪಿನ ಸಣ್ಣ ಮೀನು, ಕಡಲ ಹಾವುಮೀನು, ಟ್ಯೂನಾ ಇವೆಲ್ಲ ಇವೆ. ಅಂದಿನ ತುತ್ತು ಇಂದಿನದಕ್ಕಿಂತ ಎರಡು ಮೂರು ಪಾಲು ದೊಡ್ಡದು; ಎರಡು ಮೂರು ತಿಂದರೆ ಹಸಿವು ಅಡಗುತ್ತಿತ್ತು.

ಸುಶಿಯೆಂದರೆ ಹಸಿ ಮೀನು ಎಂಬ ನಮ್ಮ ವಿದ್ಯಾರ್ಥಿಗಳ ತಿಳಿವಳಿಕೆಯನ್ನು ಇಲ್ಲಿಯೇ ತಿದ್ದಬೇಕು. ಮಂಜುಗಡ್ಡೆಯಿಲ್ಲದ ನಗರದಲ್ಲಿ ಮೀನನ್ನು ಹಾಗೆಯೇ ಇಟ್ಟು ಮಾರುವುದು ಸಾಧ್ಯವಿರಲಿಲ್ಲ. ಕೊಹದಾವನ್ನು ಉಪ್ಪಿನಲ್ಲಿಟ್ಟು ವಿನಿಗರಿನಲ್ಲಿ ಅದ್ದುತ್ತಿದ್ದರು. ಹಾವುಮೀನನ್ನೂ ಸೀಗಡಿಯನ್ನೂ ಬೇಯಿಸುತ್ತಿದ್ದರು. ಟ್ಯೂನಾವನ್ನು ಸೋಯಾ ಸಾಸಿನಲ್ಲಿ ನೆನೆಸುತ್ತಿದ್ದರು. ಟ್ಯೂನಾ ಆಗ ಕೀಳುದರ್ಜೆಯ ಮೀನು. ಇಂದು ಅತ್ಯಂತ ಬೆಲೆಯುಳ್ಳದ್ದಾದ ಅದರ ಕೊಬ್ಬಿನ ಭಾಗವನ್ನು, ಬೇಗ ಕೆಡುತ್ತದೆಂದೂ ಸಾಸು ಹಿಡಿಯುವುದಿಲ್ಲವೆಂದೂ ಬಿಸುಡುತ್ತಿದ್ದರು.

ಸುಶಿಯವರ ಒಳಮಾತಿನಲ್ಲಿ ಅನ್ನಕ್ಕೆ ‘ಶರಿ’ ಎಂದು ಹೆಸರಿರುವುದು ನಮಗೆ ಕುತೂಹಲಕರ. ಇದು ಸಂಸ್ಕೃತದ ‘ಶರೀರ’ ಶಬ್ದವೇ. ಬುದ್ಧನ ಶರೀರಧಾತುಗಳನ್ನು ಜಪಾನೀ ಬೌದ್ಧರು ‘ಬುಶ್ಶರಿ’ ಎನ್ನುತ್ತಾರೆ. ಬಿಳಿಯ ಅಕ್ಕಿಕಾಳು ಆ ಧಾತುಕಣಗಳನ್ನು ಹೋಲುವುದರಿಂದ ಈ ಹೆಸರು ಬಂದಿತೆಂದು ಹೇಳುತ್ತಾರೆ. ಸ್ತೂಪದ ಗರ್ಭದಿಂದ ಗೂಡಂಗಡಿಯ ಕುಕ್ಕೆಗೆ ಒಂದು ಶಬ್ದ ಮಾಡಿದ ಈ ಪ್ರಯಾಣವನ್ನು ಭಾಷಾಶಾಸ್ತ್ರದ ಮಿತ್ರರು ಬೆಳೆಸಲಿ.

ಗೂಡಂಗಡಿಯ ವ್ಯವಸ್ಥೆಯಲ್ಲಿ ಒಂದು ಅಂಶ ಗಮನಾರ್ಹವಾದುದು. ಸುಶಿ ಒತ್ತುವವನು ಕುಳಿತಿರುತ್ತಿದ್ದನು, ತಿನ್ನುವವನು ನಿಂತಿರುತ್ತಿದ್ದನು. ಗಿರಾಕಿ ಸಂಜೆ ಸ್ನಾನಗೃಹದಿಂದ ಮನೆಗೆ ಹೋಗುವ ದಾರಿಯಲ್ಲಿ ಪರದೆ ಸರಿಸಿ ಒಳಗೆ ತಲೆಹಾಕಿ, ಕಣ್ಣಿಗೆ ಕಂಡದ್ದನ್ನು ಕೈಯಿಂದಲೇ ತೆಗೆದು ತಿಂದು, ಬೆರಳನ್ನು ಆ ಪರದೆಗೇ ಒರಸಿ ಹೋಗುತ್ತಿದ್ದನಂತೆ; ಪರದೆ ಕೊಳೆಯಾದಷ್ಟೂ ಅಂಗಡಿ ಒಳ್ಳೆಯದೆಂಬ ಮಾತೂ ಇತ್ತು. ಮಹಡಿಮನೆಯಲ್ಲಿ ನಡೆಯುವ ದುಬಾರಿ ಸುಶಿಶಾಲೆಗಳು ಇರಲಿಲ್ಲವೆಂದಲ್ಲ. 1841ರಿಂದ 1843ರವರೆಗೆ ನಡೆದ ತೆಂಪೋ ಸುಧಾರಣೆಗಳ ಕಾಲದಲ್ಲಿ ಸರ್ಕಾರವು ಆಡಂಬರವನ್ನು ನಿಷೇಧಿಸಿದಾಗ, ಬೆಲೆಬಾಳುವ ಸುಶಿ ಮಾರಿದ ತಪ್ಪಿಗೆ ಯೋಹೆಯ್ ಮತ್ತು ಮತ್ಸುಗೊರೋ ಇಬ್ಬರೂ ಶಿಕ್ಷೆಗೊಳಗಾದರೆಂದು ಹೇಳುತ್ತಾರೆ. ಆದರೆ ಅಲ್ಲಿ ಸುಶಿಯನ್ನು ಒಳಗೆ ಸಿದ್ಧಮಾಡಿ ತಟ್ಟೆಯಲ್ಲಿ ತಂದಿಡುತ್ತಿದ್ದರು, ಇಲ್ಲವೆ ಮನೆಗೆ ಕಳುಹಿಸುತ್ತಿದ್ದರು. ಪಾಕಕುಶಲಿಯ ಎದುರು ನಿಂತು, ಅವನ ಕೈಯನ್ನು ನೋಡುತ್ತ ತಿನ್ನುವುದು ಬಡವರ ರೀತಿಯಾಗಿತ್ತು.

ಆ ರೀತಿಯ ಅತ್ಯುತ್ತಮ ಸಾಕ್ಷ್ಯ ಒಂದು ಸಣ್ಣಕಥೆಯಲ್ಲಿದೆ. ಶಿಗಾ ನವೋಯಾ 1920ರಲ್ಲಿ ಪ್ರಕಟಿಸಿದ ‘ಕೊಝೋ ನೋ ಕಮಿಸಮಾ’ದಲ್ಲಿ, ಕಂದಾ ಬಡಾವಣೆಯ ತಕ್ಕಡಿ ಅಂಗಡಿಯ ಹುಡುಗನೊಬ್ಬನು ಟ್ರಾಮಿನ ಕಾಸನ್ನು ಉಳಿಸಿ ನಾಲ್ಕು ಸೆನ್ ಹಿಡಿದುಕೊಂಡು ಸುಶಿಯ ಗೂಡಂಗಡಿಯೊಳಗೆ ನುಗ್ಗುತ್ತಾನೆ. ಒಂದು ತುತ್ತನ್ನು ಕೈಗೆ ತೆಗೆದುಕೊಂಡೂ ಬಿಡುತ್ತಾನೆ. ಬೆಲೆ ಆರು ಸೆನ್ ಎಂದು ಅಂಗಡಿಯವನು ಹೇಳಿದಾಗ ಅದನ್ನು ಮತ್ತೆ ಹಲಗೆಯ ಮೇಲಿಟ್ಟು ಹೊರಟುಹೋಗುತ್ತಾನೆ. ಪಕ್ಕದಲ್ಲಿ ನಿಂತು ಇದನ್ನು ಕಂಡವನು ಮೇಲ್ಮನೆಯ ಸದಸ್ಯನಾದ ಒಬ್ಬ ಶ್ರೀಮಂತ. ಬೀದಿಯಲ್ಲಿ ನಿಂತು ತಿನ್ನುವ ಸುಶಿಯೇ ರುಚಿಯೆಂದು ಕೇಳಿ ಬಂದವನು. ಕಥೆಯ ನೀತಿ ಏನೇ ಇರಲಿ, ಇತಿಹಾಸದ ವಿದ್ಯಾರ್ಥಿಗೆ ಇಲ್ಲಿ ಎರಡು ಸಂಗತಿ ದೊರೆಯುತ್ತವೆ. ಅಂಗಡಿಯ ಹುಡುಗನೂ ಮೇಲ್ಮನೆಯ ಸದಸ್ಯನೂ ಒಂದೇ ಪರದೆಯ ಕೆಳಗೆ ಭುಜಕ್ಕೆ ಭುಜ ತಾಗಿಸಿ ನಿಲ್ಲುವುದು ಆಗ ಸಾಧ್ಯವಿತ್ತು. ಆ ಶ್ರೀಮಂತನ ಕುತೂಹಲದಲ್ಲಿಯೇ ಮುಂದಿನ ಬದಲಾವಣೆಯ ಬೀಜವೂ ಇತ್ತು.

1923ರ ಸೆಪ್ಟೆಂಬರ್ 1ರ ಮಹಾ ಭೂಕಂಪದಲ್ಲಿ ನಿಹೊಂಬಾಶಿಯ ಹಳೆಯ ಮೀನುಪೇಟೆ ನಾಶವಾಯಿತು. ಪೇಟೆ ತ್ಸುಕಿಜಿಗೆ ಹೋಗಿ 1935ರಲ್ಲಿ ಹೊಸ ಕಟ್ಟಡದಲ್ಲಿ ನೆಲೆಗೊಂಡಿತು (2018ರಲ್ಲಿ ಅದು ತೊಯೊಸುವಿಗೆ ಸ್ಥಳಾಂತರ ಹೊಂದಿದೆ). ಬೀದಿಪಾಲಾದ ಸುಶಿ ಕೆಲಸಗಾರರಲ್ಲಿ ಅನೇಕರು ತಮ್ಮ ತಮ್ಮ ಊರುಗಳಿಗೆ ಹಿಂದಿರುಗಿ ಎದೋದ ಪದ್ಧತಿಯನ್ನು ಅಲ್ಲಿಗೆ ಒಯ್ದರು.

ಆದರೆ ಅದನ್ನು ದೇಶವ್ಯಾಪಿಯಾಗಿ ಮಾಡಿದ್ದು ಭೂಕಂಪಕ್ಕಿಂತ ಹೆಚ್ಚಾಗಿ ಹಸಿವು. ಯುದ್ಧದಲ್ಲಿ ಸೋತ ಜಪಾನಿನಲ್ಲಿ ಅಕ್ಕಿ ಪಡಿತರದ ವಸ್ತುವಾಗಿತ್ತು. 1947ರ ಜುಲೈ ತಿಂಗಳಲ್ಲಿ ಹೊರಟ ತುರ್ತು ಆಜ್ಞೆಯೊಂದು ಬಹುಮಟ್ಟಿಗೆ ಎಲ್ಲ ಊಟದಂಗಡಿಗಳನ್ನೂ ಮುಚ್ಚಿಸಿತು. ಟೋಕಿಯೋದ ಸುಶಿಯವರು ಅಧಿಕಾರಿಗಳ ಮುಂದೆ ಒಂದು ಜಾಣತನದ ವಾದವನ್ನು ಹೂಡಿದರು: ನಾವು ಆಹಾರ ಮಾರುವವರಲ್ಲ, ಗಿರಾಕಿ ತಂದ ಅಕ್ಕಿಯನ್ನು ಕೂಲಿ ಪಡೆದು ಸುಶಿಯಾಗಿ ಮಾಡಿಕೊಡುವವರು. ನಮ್ಮ ಹಳ್ಳಿಯ ಗಿರಣಿಗೆ ರಾಗಿ ಒಯ್ದು ಹಿಟ್ಟು ಮಾಡಿಸಿಕೊಂಡು ಬರುವ ಹಾಗೆ. ಈ ವಾದ ಅಂಗೀಕೃತವಾಯಿತು. ಒಬ್ಬನು ಒಂದು ಗೋ ಅಕ್ಕಿ, ಎಂದರೆ ಸುಮಾರು 180 ಮಿಲಿಲೀಟರಿನ ಒಂದು ಅಳತೆ, ತಂದರೆ ಹತ್ತು ಸುಶಿಗಳನ್ನು ಪಡೆಯಬಹುದೆಂದು ಗೊತ್ತಾಯಿತು. ಒಬ್ಬರ ಪಾಲೆಂದರೆ ಸುಮಾರು ಹತ್ತು ತುತ್ತು ಎಂಬ ಲೆಕ್ಕವೂ, ಎದೋದ ದೊಡ್ಡ ಮುದ್ದೆ ಈಗಿನ ಪುಟ್ಟ ಅಳತೆಗೆ ಇಳಿದು ನಿಂತದ್ದೂ ಇದರಿಂದಲೇ. ಈ ಒಪ್ಪಂದ ಕೈಯಲ್ಲಿ ಒತ್ತುವ ಸುಶಿಯನ್ನು ಆಧರಿಸಿದ್ದುದರಿಂದ, ಬೇರೆ ಪ್ರಾಂತಗಳವರು ಅದನ್ನು ಅನುಸರಿಸಿದಾಗ ಪೆಟ್ಟಿಗೆಯ ಸುಶಿಯ ಊರುಗಳಲ್ಲಿಯೂ ಎದೋದ ಪದ್ಧತಿಯೇ ಹಬ್ಬಿತು. ಇಂದು ಸೌಂದರ್ಯದ ನಿಯಮವೆಂದು ವರ್ಣಿತವಾಗುವ ತುತ್ತಿನ ಮಿತತೆಯ ಹಿಂದೆ ಇರುವುದು ಈ ಅಕ್ಕಿಯ ಅಳತೆಯೇ.

ಇದೇ ವರ್ಷಗಳಲ್ಲಿ ಆರೋಗ್ಯದ ಮತ್ತು ರಸ್ತೆಯ ಕಟ್ಟಳೆಗಳಿಂದ ಗೂಡಂಗಡಿಗಳು ಬೀದಿಯಿಂದ ಮಾಯವಾದುವು. ಮಾಯವಾದುವೆನ್ನುವುದಕ್ಕಿಂತ ಮನೆಯೊಳಗೆ ಹೊಕ್ಕುವೆನ್ನುವುದು ಸರಿ. ಅದರ ಹಲಗೆಯೇ ಕೌಂಟರಾಯಿತು, ಅದರ ಪರದೆ ಬಾಗಿಲಿಗೆ ಬಂತು. ಆದರೆ ಸ್ಥಾನಗಳು ತಲೆಕೆಳಗಾದುವು: ಈಗ ಒತ್ತುವವನು ನಿಂತನು, ತಿನ್ನುವವನು ಕುಳಿತನು. ಕುಳಿತವನು ಬೇಗ ಏಳುವುದಿಲ್ಲ. ಮದ್ಯ ಕೇಳುತ್ತಾನೆ, ಮಾತಾಡುತ್ತಾನೆ. ಶೀತಕ ಯಂತ್ರ ಬಂದಮೇಲೆ ಗಾಜಿನ ಪೆಟ್ಟಿಗೆಯಲ್ಲಿ ಹಸಿಯ ಮೀನನ್ನು ಸಾಲಾಗಿಟ್ಟು ತೋರಿಸುವುದು ಸಾಧ್ಯವಾಯಿತು. ಹಿಂದೆ ಬಿಸುಡುತ್ತಿದ್ದ ಟ್ಯೂನಾದ ಕೊಬ್ಬು ಗೌರವ ಪಡೆದದ್ದು ಈ ಕಾಲದಲ್ಲಿ.

ಆಗ ಕೇಳುವ ಕ್ರಮಗಳು ಎರಡಿದ್ದುವು. ‘ಒಕಿಮರಿ’ ಎಂದರೆ ಗೊತ್ತಾದ ಬೆಲೆಗೆ ಗೊತ್ತಾದ ತಟ್ಟೆ. ‘ಒಕೊನೊಮಿ’ ಎಂದರೆ ಇಷ್ಟಬಂದುದನ್ನು ಒಂದೊಂದಾಗಿ ಕೇಳುವುದು. ಎರಡನೆಯದರಲ್ಲಿ ಸ್ವಾತಂತ್ರ್ಯವೂ ಇತ್ತು, ಭಯವೂ ಇತ್ತು. ಗೋಡೆಯ ಮೇಲಿನ ಮರದ ಫಲಕಗಳಲ್ಲಿ ಮೀನಿನ ಹೆಸರಿನ ಕೆಳಗೆ ಅಂಕಿಯ ಬದಲು ‘ಇಂದಿನ ಬೆಲೆ’ ಎಂದು ಮಾತ್ರ ಬರೆದಿರುತ್ತಿತ್ತು. ಎದ್ದು ಹೋಗುವಾಗ ಎಷ್ಟಾಯಿತೆಂದು ಹೇಳುವ ತನಕ ಗಿರಾಕಿಗೆ ತಿಳಿಯುತ್ತಿರಲಿಲ್ಲ. ಕಂಪನಿಯ ಖರ್ಚಿನಲ್ಲಿ ತಿನ್ನುವ ಗಿಂಝಾದ ಅಧಿಕಾರಿಗೆ ಇದು ಚಿಂತೆಯ ವಿಷಯವಲ್ಲ. ಸ್ವಂತ ಸಂಬಳದಲ್ಲಿ ಬಂದವನಿಗೆ ಪ್ರತಿ ತುತ್ತೂ ಒಂದು ಲೆಕ್ಕ. ಯಾವುದನ್ನು ಮೊದಲು ಕೇಳಬೇಕು, ಯಾವ ಮೀನು ಯಾವ ಋತುವಿನದು ಎಂಬುದು ತಿಳಿಯದವನು ನಗೆಗೀಡಾಗುವ ಅಂಜಿಕೆ ಬೇರೆ. ‘ಒಮಾಕಸೆ’ ಎಂಬ ಮಾತು ಇಂಥ ಕಡೆ ಮೊದಲು ಹಳೆಯ ಗಿರಾಕಿಯ ಸಲಿಗೆಯಾಗಿದ್ದು, ಕ್ರಮೇಣ ಎಲ್ಲರಿಗೂ ಒಂದೇ ಬೆಲೆಯ, ಒಂದೇ ಸರಣಿಯ ಊಟದ ಹೆಸರಾಯಿತು. ವಿಶ್ವಾಸದ ಮಾತೆಂದು ಇದನ್ನು ಹೊಗಳುವವರಿದ್ದಾರೆ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಬೆಳಗ್ಗೆ ಪೇಟೆಯಲ್ಲಿ ಮೀನನ್ನು ಮುಟ್ಟಿ ನೋಡಿ ತಂದವನಿಗೆ ಆ ದಿನ ಯಾವುದು ಒಳ್ಳೆಯದೆಂಬುದು ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಆದರೆ ವ್ಯಾಪಾರದ ದೃಷ್ಟಿಯಿಂದ ಅಂಗಡಿಗೂ ಇದು ಬಹಳ ಅನುಕೂಲ. ಎಷ್ಟು ಜನ, ಎಷ್ಟು ತುತ್ತು ಎಂಬುದು ಮೊದಲೇ ಗೊತ್ತಿದ್ದರೆ ಒಂದು ಮೀನೂ ಹಾಳಾಗುವುದಿಲ್ಲ. ಗಿರಾಕಿ ಬಿಟ್ಟುಕೊಟ್ಟ ಆಯ್ಕೆಯು ಇಬ್ಬರ ಅನಿಶ್ಚಯವನ್ನೂ ಕಳೆಯಿತು. ಅದಕ್ಕೆ ತಕ್ಕ ಬೆಲೆಯೂ ಏರಿತು: ಒಬಾಮ ಅವರು ಊಟಮಾಡಿದ ಕಾಲದಲ್ಲಿ ಜಿರೋ ಶಾಲೆಯಲ್ಲಿ ಒಬ್ಬರಿಗೆ ಕಡಮೆಯೆಂದರೆ 30,000 ಯೆನ್.

ಹಲಗೆಯ ಆಚೆ ನಿಲ್ಲುವ ಹಕ್ಕು ಯಾರದು ಎಂಬ ಪ್ರಶ್ನೆಯನ್ನೂ ಇಲ್ಲಿ ಎತ್ತಬೇಕು. ವರ್ಷಗಟ್ಟಲೆ ಪಾತ್ರೆ ತೊಳೆದು, ಅನ್ನ ಮಾಡಿ, ಮೊಟ್ಟೆ ಬೇಯಿಸಿ, ಕಡೆಗೆ ಗಿರಾಕಿಯ ಮುಂದೆ ನಿಲ್ಲುವ ಶಿಷ್ಯವೃತ್ತಿ ಗಂಡಸರದಾಗಿಯೇ ಉಳಿದಿತ್ತು. ಸ್ತ್ರೀಯರ ಕೈ ಬೆಚ್ಚಗಿರುವುದರಿಂದ ಮೀನು ಕೆಡುತ್ತದೆಂಬ ಕಾರಣವನ್ನು ಗಂಭೀರವಾಗಿಯೇ ಹೇಳುತ್ತಿದ್ದರು. ಗಂಡಸರೇ ತುಂಬಿದ ನಗರದಲ್ಲಿ ಹುಟ್ಟಿದ ವೃತ್ತಿಗೆ ಅನಂತರ ಹುಡುಕಿದ ಸಮರ್ಥನೆ ಇದೆಂದು ತೋರುತ್ತದೆ. ಟೋಕಿಯೋದ ಅಕಿಹಬರದಲ್ಲಿ ಸ್ತ್ರೀಯರೇ ಸುಶಿ ಒತ್ತುವ ಅಂಗಡಿ 2010ರಲ್ಲಿ ತೆರೆದಾಗ ಅದು ಸುದ್ದಿಯಾದದ್ದೇ ಈ ನಂಬಿಕೆ ಎಷ್ಟು ಬಲವಾಗಿತ್ತೆಂಬುದಕ್ಕೆ ಸಾಕ್ಷಿ.

ಬೀದಿಯ ಸುಶಿಯ ವಂಶ ಇನ್ನೊಂದು ಕಡೆಗೂ ಕವಲೊಡೆಯಿತು. 1958ರಲ್ಲಿ ಶಿರಯಿಶಿ ಯೊಶಿಯಕಿ ಎಂಬವನು ಒಸಾಕಾದ ಹೊರವಲಯದಲ್ಲಿ, ಮದ್ಯದ ಕಾರ್ಖಾನೆಯಲ್ಲಿ ಸೀಸೆಗಳನ್ನು ಸಾಗಿಸುವ ಪಟ್ಟಿಯನ್ನು ಕಂಡು, ತಟ್ಟೆಗಳು ತಾವಾಗಿ ಸುತ್ತುವ ಅಗ್ಗದ ಸುಶಿಯಂಗಡಿಯನ್ನು ಆರಂಭಿಸಿದನು. 1970ರ ಒಸಾಕಾ ಮಹಾಪ್ರದರ್ಶನದಲ್ಲಿ ಅದು ದೇಶದ ಗಮನ ಸೆಳೆಯಿತು. ಅಲ್ಲಿ ಗಿರಾಕಿ ತನ್ನ ಕಣ್ಣಿಗೆ ಕಂಡದ್ದನ್ನು ತಾನೇ ತೆಗೆದುಕೊಳ್ಳುತ್ತಾನೆ, ಎದೋದ ಕೂಲಿಯವನ ಹಾಗೆ. ಪಾಕಕುಶಲಿಯ ಮುಖ ಮಾತ್ರ ಕಾಣುವುದಿಲ್ಲ.

ಕೌಂಟರು ಏರಿದ ಎತ್ತರಕ್ಕೆ ಎದುರಿನ ಕೊಲ್ಲಿಯ ಮೀನು ಸಾಲಲಿಲ್ಲ. 1972ರಲ್ಲಿ ಜಪಾನಿನ ವಿಮಾನಗಳು ಕೆನಡಾದ ಪೂರ್ವ ಕರಾವಳಿಯಿಂದ ಟ್ಯೂನಾವನ್ನು ತ್ಸುಕಿಜಿಗೆ ತರಲಾರಂಭಿಸಿದುವು. 2019ರ ಜನವರಿಯಲ್ಲಿ ತೊಯೊಸು ಪೇಟೆಯ ವರ್ಷದ ಮೊದಲ ಹರಾಜಿನಲ್ಲಿ 278 ಕಿಲೋಗ್ರಾಂ ತೂಕದ ಒಂದು ಟ್ಯೂನಾ 33 ಕೋಟಿ 36 ಲಕ್ಷ ಯೆನ್ನಿಗೆ ಹೋಯಿತು. ಪೆಸಿಫಿಕ್ ಸಾಗರದ ನೀಲಿರೆಕ್ಕೆಯ ಟ್ಯೂನಾವನ್ನು ಅಂತರರಾಷ್ಟ್ರೀಯ ಪ್ರಕೃತಿಸಂರಕ್ಷಣಾ ಒಕ್ಕೂಟವು 2014ರಲ್ಲಿ ಅಪಾಯಕ್ಕೊಳಗಾದ ಜೀವಿಗಳ ಸಾಲಿಗೆ ಸೇರಿಸಿತು. ಹಿಡಿಯುವ ಪ್ರಮಾಣಕ್ಕೆ ಮಿತಿ ಹಾಕಿದ ಮೇಲೆ 2021ರಲ್ಲಿ ಅದರ ಸ್ಥಿತಿ ತುಸು ಸುಧಾರಿಸಿದೆಯೆಂದು ಪ್ರಕಟಿಸಿತು. ‘ತಮಗೇ ಬಿಟ್ಟಿದ್ದೇನೆ’ ಎನ್ನುವ ಅತಿಥಿಯು ಈ ನಿರ್ಧಾರವನ್ನೂ ಹಲಗೆಯ ಆಚೆಯವನಿಗೇ ಬಿಡುತ್ತಾನೆ.

2007ರ ಕೊನೆಯಲ್ಲಿ ಫ್ರೆಂಚರ ಮಿಷಲಾನ್ ಕೈಪಿಡಿಯ ಮೊದಲ ಟೋಕಿಯೋ ಸಂಪುಟ ಹೊರಬಂದಾಗ ಜಿರೋ ಶಾಲೆಗೆ ಮೂರು ನಕ್ಷತ್ರಗಳು ದೊರೆತುವು. 2019ರ ನವೆಂಬರಿನಲ್ಲಿ ಅದೇ ಕೈಪಿಡಿಯು ಆ ಶಾಲೆಯ ಹೆಸರನ್ನೇ ಬಿಟ್ಟಿತು. ಅಡಿಗೆ ಕೆಟ್ಟಿತೆಂದಲ್ಲ; ಸಾಮಾನ್ಯ ಜನರಿಂದ ಅದು ಮುಂಗಡವನ್ನು ಸ್ವೀಕರಿಸುವುದಿಲ್ಲ, ಪರಿಚಿತರ ಅಥವಾ ದೊಡ್ಡ ಹೋಟೆಲುಗಳ ಶಿಫಾರಸು ಬೇಕು, ಆದುದರಿಂದ ಸಾರ್ವಜನಿಕರಿಗೆ ಇದು ಉಪಯೋಗದ ಸ್ಥಳವಲ್ಲವೆಂದು ಸಂಪಾದಕರು ಕಾರಣ ಕೊಟ್ಟರು. ಟೋಕಿಯೋದ ರೈಲುನಿಲ್ದಾಣಗಳ ಸುತ್ತಮುತ್ತ ನಿಂತು ತಿನ್ನುವ ಸುಶಿಯ ಅಂಗಡಿಗಳು ಈಗಲೂ ಇವೆ. ಅಲ್ಲಿ ಬೆಲೆಯನ್ನು ಬರೆದು ತೂಗುಹಾಕಿರುತ್ತಾರೆ. ಕಚೇರಿಯಿಂದ ಮನೆಗೆ ಹೊರಟವನು ಎರಡೋ ಮೂರೋ ತುತ್ತು ಕೇಳಿ, ತಿಂದು, ಹಣ ಕೊಟ್ಟು, ಮುಂದಿನ ರೈಲಿಗೆ ಹೋಗುತ್ತಾನೆ.